ಆರ್ಡಿಸ್ ಮತ್ತು ಗುಡುಗುವ ಸಿಂಕು

ಮಿನ್ನೆಸೋಟದ ಹಾಲ್ವರ್ ಲೇಕ್ ಎಂಬ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿದ್ದ ಅಡುಗೆಮನೆಗೆ ಆರ್ಡಿಸ್ ನೈಗಾರ್ಡ್ ಒಬ್ಬಳೇ ಯಜಮಾನಿ. ಮದುವೆಯಿರಲಿ, ಸಾವಿನ ಊಟವಿರಲಿ, ಕಾಫಿ ಎಷ್ಟು ಕಾಯಬೇಕು, ಯಾರು ತಂದ ಬನ್ನಿಗೆ ಬೆಣ್ಣೆ ಸಾಲದು ಎಂದು ತೀರ್ಮಾನಿಸುತ್ತಿದ್ದವಳು ಅವಳೇ. ಪಾದ್ರಿಗಳು ಬಂದರು, ಹೋದರು, ಆರ್ಡಿಸ್ ಇದ್ದಳು.

ಆ ಅಡುಗೆಮನೆಯ ಗೋಡೆಯಲ್ಲಿ ಅಕ್ಕಪಕ್ಕ ಎರಡು ಸ್ವಿಚ್ಚು. ಒಂದು ಪಕ್ಕದ ಊಟದ ಹಾಲ್‌ನ ದೀಪದ್ದು, ಇನ್ನೊಂದು ಸಿಂಕಿನ ತಳದಲ್ಲಿ ಕೂತು ಎಂಜಲು ಅರೆಯುವ ಯಂತ್ರದ್ದು. ನೋಡಲು ಎರಡೂ ಒಂದೇ ಥರ. ದೀಪ ಹಾಕಲು ಹೋದವರು ಯಂತ್ರ ಹಾಕುತ್ತಿದ್ದರು. ಒಮ್ಮೆ ಸತ್ತವರಿಗಾಗಿ ಎಲ್ಲರೂ ತಲೆ ತಗ್ಗಿಸಿ ಮೌನವಾಗಿದ್ದಾಗ ಸಿಂಕು ಗುಡುಗಿ, ತೀರಿಕೊಂಡವನ ತಂಗಿ ಕುರ್ಚಿಯಿಂದ ಜಾರಿಯೇ ಬಿಟ್ಟಳು.

“ಕಣ್ಣು ಎಲ್ಲಿಟ್ಕೊಂಡಿದ್ದೆ, ಲವೋನ್?” ಎಂದು ಆರ್ಡಿಸ್ ತನ್ನ ಹಳೆಯ ಜೊತೆಗಾತಿಯನ್ನು ಝಾಡಿಸಿದಳು. ಆವತ್ತೇ ಸ್ವಿಚ್ಚಿನ ಮೇಲೊಂದು ಚೀಟಿ ಅಂಟಿಸಿದಳು. ಅದು ಸಾಲದೆ ಕೆಂಪು ಶಾಯಿಯಲ್ಲಿ ಇನ್ನೊಂದು, ಆಮೇಲೆ ಬಾಣದ ಗುರುತಿನದು ಮತ್ತೊಂದು. ಕೊನೆಗೆ ಚೀಟಿಗಳ ಅಡಿಯಲ್ಲಿ ಸ್ವಿಚ್ಚನ್ನೇ ತಡಕಾಡಬೇಕಾಯಿತು.

“ನಿಮಗೆಲ್ಲ ಓದೋಕೆ ಬರಲ್ವಾ?”

“ಓದ್ತಾ ನಿಂತ್ರೆ ಕಾಫಿ ಆರೋಗತ್ತಲ್ಲೇ,” ಎಂದಳು ಲವೋನ್.

ಒಂದು ಭಾನುವಾರ ಬಿಷಪ್ಪರು ಬಂದರು. ಊಟವಾದ ಮೇಲೆ ಅವರ ನಾರ್ವೆ ಪ್ರವಾಸದ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವುದಿತ್ತು. “ದೀಪ ನಾನೇ ಆರಿಸ್ತೀನಿ, ಯಾರೂ ಮುಟ್ಬೇಡಿ,” ಎಂದು ಆರ್ಡಿಸ್ ಮೊದಲೇ ಎಲ್ಲರಿಗೂ ತಾಕೀತು ಮಾಡಿದ್ದಳು. ಒಂದು ಕೈಯಲ್ಲಿ ಕಾಫಿ ಹೂಜಿ, ಮುಖ ಬಿಷಪ್ಪರ ಕಡೆ, ಇನ್ನೊಂದು ಕೈ ಗೋಡೆಗೆ ಹೋಯಿತು.

ಸಿಂಕಿನೊಳಗೆ ಚಮಚ ಬೇರೆ ಬಿದ್ದಿತ್ತು. ಆ ಕಿರುಚಾಟಕ್ಕೆ ಬಿಷಪ್ಪರ ಕಾಫಿ ಅವರ ಪ್ಯಾಂಟಿನ ಮೇಲೆ ಸುರಿಯಿತು. ದೀಪ ಮಾತ್ರ ಉರಿಯುತ್ತಲೇ ಇದ್ದುದರಿಂದ ಆರ್ಡಿಸಳ ಮುಖ ಎಲ್ಲರಿಗೂ ಚೆನ್ನಾಗಿ ಕಂಡಿತು. ಮುಖದೆದುರು ನಗುವುದು ಆ ಊರಿನವರ ಪದ್ಧತಿಯಲ್ಲ. ಲವೋನ್ ಕರವಸ್ತ್ರ ತೆಗೆದು, ಸೋರದ ಮೂಗನ್ನು ಬಹಳ ಹೊತ್ತು ಒರೆಸಿಕೊಂಡಳು.

ಮನೆಗೆ ಹೋಗುವಾಗ ಕಾರಿನಲ್ಲಿ ಆರ್ಡಿಸ್ ಗಂಡನಿಗೆ ಹೇಳಿದಳು. “ಕೈ ತಾನಾಗೇ ಹೋಯ್ತು, ಓರಿನ್.”

ಊರಿಗೆಲ್ಲ ವೈರಿಂಗ್ ಮಾಡಿ ನಿವೃತ್ತನಾಗಿದ್ದ ಓರಿನ್ “ಹ್ಞೂಂ,” ಎಂದ.

“ಆ ಚೀಟಿಗಳನ್ನ ಬರೆದೋಳೇ ನಾನು.”

“ಹ್ಞೂಂ.”

“ಬರೀ ಹ್ಞೂಂ ಅಂತೀಯಲ್ಲ, ಏನಾದ್ರೂ ಹೇಳು.”

“ಸ್ವಿಚ್ಚು ಇರೋ ಜಾಗ ಸರಿಯಿಲ್ಲ. ಒಂದ್ಸಲ ಹೇಳೋಕೆ ಬಂದಿದ್ದೆ. ನೀನು ಚೀಟಿ ಬರೀತಿದ್ದೆ.”

ಆ ವಾರವೇ ಓರಿನ್ ಯಂತ್ರದ ಸ್ವಿಚ್ಚನ್ನು ಸಿಂಕಿನ ಕೆಳಗಿನ ಕಪಾಟಿನೊಳಕ್ಕೆ ಹಾಕಿಕೊಟ್ಟ. ಅದು ಬೇಕಾದವರು ಬಗ್ಗಿ ಬಾಗಿಲು ತೆಗೆಯಬೇಕು. ಅಪ್ಪಿತಪ್ಪಿ ಅಲ್ಲಿಗೆ ಯಾರ ಕೈಯೂ ಹೋಗದು. ಮಂಡಿನೋವಿನವರು ಗೊಣಗಿದರು, ಆದರೆ ಪ್ರಾರ್ಥನೆಗಳು ನಿಶ್ಶಬ್ದವಾದವು.

ಆರ್ಡಿಸಳಿಗೆ ಅದೇ ಹುಚ್ಚು ಹಿಡಿಯಿತು. ತಳ್ಳಬೇಕಾದ ಬಾಗಿಲನ್ನು ಜನ ಎಳೆಯುತ್ತಿದ್ದರು. ಅದರ ಹಿಡಿಯನ್ನೇ ಕೀಳಿಸಿ ತಳ್ಳಲು ತಗಡು ಹೊಡೆಸಿದಳು. ಕಾಫಿ ಪಾತ್ರೆಯ ನಲ್ಲಿಗೆ ಕಪ್ಪು ಬಣ್ಣ ಬಳಿದಳು, ಪಕ್ಕದ ಬಿಸಿನೀರಿನ ಪಾತ್ರೆಯದನ್ನು ಹಾಗೇ ಬಿಟ್ಟಳು.

“ಇನ್ನು ನಮ್ಮನ್ನ ಬೈಯೋಕೆ ಏನು ಉಳೀತೇ ನಿಂಗೆ?” ಎಂದು ಲವೋನ್ ಕೇಳಿದಳು.

ಉಳಿದಿತ್ತು. ಶರತ್ಕಾಲದ ಊಟಕ್ಕೆ ಲವೋನ್ ಕುಂಬಳದ ಪೈಗಳಿಗೆ ಸಕ್ಕರೆಯ ಬದಲು ಉಪ್ಪು ಸುರಿದಿದ್ದಳು. ಪಾದ್ರಿ ಎರ್ಲಂಡ್ ಮರ್ಯಾದಸ್ಥರು. ಕಣ್ಣಲ್ಲಿ ನೀರು ತುಂಬಿಕೊಂಡೇ ಅರ್ಧ ತುಂಡು ಮುಗಿಸಿದ್ದರು.

“ನಂದೇ ತಪ್ಪು ಕಣೇ,” ಎಂದು ಲವೋನ್ ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಳು.

“ನಿನ್ನ ತಪ್ಪು ಯಾಕಾಗತ್ತೆ? ಡಬ್ಬಿ ನೋಡು, ಎರಡೂ ಒಂದೇ ಗಾತ್ರ, ಒಂದೇ ನೀಲಿ ಹೂವು. ಉಪ್ಪಿಗೂ ಸಕ್ಕರೆಗೂ ಒಂದೇ ಅಂಗಿ ತೊಡಿಸಿದ ಜಾಣೆ ಯಾರು?”

ಲವೋನ್ ತಲೆ ಎತ್ತಿದಳು.

“ನೀನೇ,” ಎಂದಳು ಲವೋನ್. “ಜೋಡಿ ಚೆನ್ನಾಗಿ ಕಾಣತ್ತೆ ಅಂತ ಹೋದ ಕ್ರಿಸ್‌ಮಸ್ಸಿಗೆ ತಂದಿದ್ಯಲ್ಲ.”

ಆರ್ಡಿಸ್ ಡಬ್ಬಿಗಳನ್ನು ಒಮ್ಮೆ ನೋಡಿದಳು. ಆಮೇಲೆ ಊಟದ ಹಾಲ್‌ಗೆ ಹೋಗಿ ಪಾದ್ರಿಯ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು, “ತಿಂದಿದ್ದು ಸಾಕು ಪಾದ್ರಿಗಳೇ, ನೀರು ಕುಡೀರಿ,” ಎಂದಳು.