ಮುನ್ನೂರ ಹನ್ನೆರಡು ರವಿಕೆಗಳ ಅಳತೆ

ಹಲಸೂರು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಮ್ಮನ ಹೊಲಿಗೆ ಅಂಗಡಿ. ಬೇರೆ ಕಡೆಯಾದರೆ ರವಿಕೆ ಹೊಲಿಸುವವರು ಅಳತೆಗೆಂದು ಹಳೆಯದೊಂದನ್ನು ಜೊತೆಗೆ ತರಬೇಕು. ಅಮ್ಮನಿಗೆ ಅದು ಬೇಡ. ಒಮ್ಮೆ ಟೇಪು ಹಿಡಿದು ಪುಸ್ತಕದಲ್ಲಿ ಬರೆದುಕೊಂಡರೆ ಮುಗಿಯಿತು. ಮದುವೆಯಾಗಿ ಕೆ.ಆರ್. ಪುರಕ್ಕೋ ಮಹದೇವಪುರಕ್ಕೋ ಹೋದ ಹೆಣ್ಣುಮಕ್ಕಳು ಬಟ್ಟೆ ಮಾತ್ರ ಕಳಿಸುತ್ತಾರೆ, ರವಿಕೆ ಮೈಗೆ ಒಪ್ಪುವಂತೆ ತಯಾರಾಗುತ್ತದೆ.

ಆ ಪುಸ್ತಕದಲ್ಲಿ ಹೆಸರುಗಳಿಲ್ಲ. ‘ಹಾಲಿನ ಬೂತಿನ ದೊಡ್ಡವಳು’, ‘ಮೂಗುಬೊಟ್ಟಿನ ಟೀಚರ್’, ‘ಶಿವಾಜಿನಗರ ಬಳೆ ಅಂಗಡಿ ಬೀಬಿ’ ಅಂತ ಬರೆದು ಎದುರಿಗೆ ಆರು ಅಂಕಿ. ಯಾವುದು ಭುಜ, ಯಾವುದು ಎದೆ ಎಂದು ಹೇಳಿಲ್ಲ. ಅಂಕಿಯ ಮೇಲೆ ಒಂದು ಚುಕ್ಕೆಯಿದ್ದರೆ ಕಾಲಿಂಚು, ಎರಡಿದ್ದರೆ ಅರ್ಧ ಇಂಚು. ಹೋದ ಮಳೆಗಾಲದಲ್ಲಿ ಗಲ್ಲಿಯ ನೀರು ಒಳಗೆ ನುಗ್ಗಿ ಪುಸ್ತಕದ ಅರ್ಧ ಭಾಗ ನೆನೆಯಿತು, ಶಾಯಿಯ ಬರಹ ಕದಡಿಹೋಯಿತು. ಅಮ್ಮನಿಗೆ ಆಗಲೇ ಒಂದು ಕಣ್ಣು ಹೋಗಿತ್ತು. ಇನ್ನೊಂದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾನೋ ಇಷ್ಟು ವರ್ಷವೂ ಹುಕ್ಕು, ಕಾಜಾ, ಹೆಮ್ಮಿಂಗ್ ಮಾಡಿದವಳು. ಆ ಕಣ್ಣು ಆರುವ ಮೊದಲು ಪುಸ್ತಕದಲ್ಲಿರುವುದನ್ನು ಬೇರೆಡೆಗೆ ಇಳಿಸಿಕೊಳ್ಳದಿದ್ದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಬಾಗಲಕೋಟೆ ಕಡೆಯ ಹುಡುಗಿ ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾಳೆ. “ಎಲ್ಲಾ ಕಂಪ್ಯೂಟರಿನ ಪಟ್ಟಿಯೊಳಗ, ಡೇಟಾಬೇಸಿನಾಗ ಹಾಕೋಣ್ರಿ ಅಕ್ಕಾರ, ನಾ ಕಲಿಸ್ತೀನಿ,” ಅಂದಳು.

“ಇನ್ನೊಂದು ನೋಟ್‌ಬುಕ್ ತಂದ್ರೆ ಆಗಲ್ವೇನೆ?” ಅಮ್ಮ ಕೇಳಿದಳು.

“ಮತ್ತ ನೀರು ಬಂದ್ರ ಏನ್ ಮಾಡ್ತೀರಿ ಅಮ್ಮಾರ? ಅದನ್ನೂ ಹಪ್ಪಳ ಒಣಗಿಸಿದಂಗ ಬಿಸಲಿಗೆ ಹಾಕ್ತೀರೇನು?”

ಹೀಗೆ ಐವತ್ತೊಂದನೇ ವಯಸ್ಸಿನಲ್ಲಿ, ಅವಳ ಹಳೆಯ ಲ್ಯಾಪ್‌ಟಾಪನ್ನು ಕತ್ತರಿಸುವ ಮೇಜಿನ ಮೇಲಿಟ್ಟುಕೊಂಡು ಭಾನುವಾರಗಳಲ್ಲಿ ನನ್ನ ಪಾಠ ಶುರುವಾಯಿತು. ಸರ್ವರ್ ಅಂದರೆ ಮಾರತ್ತಹಳ್ಳಿಯ ಯಾವುದೋ ಗಾಜಿನ ಕಟ್ಟಡದಲ್ಲಿ ತಣ್ಣಗೆ ಕೂತಿರುವ ದೊಡ್ಡ ಯಂತ್ರ ಎಂದುಕೊಂಡಿದ್ದೆ. ಅದು ನನ್ನ ಮೇಜಿನ ಮೇಲೇ ಇದೆ, ಕೇಳಿದವರಿಗೆ ಪುಟ ಎತ್ತಿಕೊಡುವುದಷ್ಟೇ ಅದರ ಕೆಲಸ ಎಂದು ತಿಳಿದಾಗ ಬೆರಗಾದೆ. ಅದರ ಕೈಯಲ್ಲಿ ಕೆಲಸ ಮಾಡಿಸಲು ಬರೆದುಕೊಡುವ ಚೀಟಿಗೆ ಸ್ಕ್ರಿಪ್ಟ್ ಎಂದು ಹೆಸರು. ನನ್ನ ಮೊದಲ ಚೀಟಿ ನಾಲ್ಕು ಸಾಲಿನದು. ಡೇಟಾಬೇಸಿನೊಳಗಿಟ್ಟ ‘ಹಾಲಿನ ಬೂತಿನ ದೊಡ್ಡವಳು’ ಪರದೆಗೆ ಬರುವಾಗ ಬರೀ ಪ್ರಶ್ನೆಚಿಹ್ನೆಗಳಾಗಿ ಬಂದಳು. ಹುಡುಗಿ ಚೀಟಿಯಲ್ಲಿ ಒಂದು ಮಾತು ಬದಲಿಸಿದಳು. ಕನ್ನಡದ ಅಕ್ಷರಗಳು ಕೊಂಬು ಒತ್ತುಗಳ ಸಮೇತ ಬಂದು ನಿಂತವು. ಎದ್ದು ಕೈ ಮುಗಿಯಬೇಕು ಅನ್ನಿಸಿತು, ಸುಳ್ಳಲ್ಲ.

ಅಮ್ಮ ಉಳಿದ ಕಣ್ಣಿಗೆ ಭೂತಗನ್ನಡಿ ಹಿಡಿದು ಓದಿದಳು, ನಾನು ಒತ್ತಿದೆ. ಎರಡು ತಿಂಗಳಿಗೆ ಮುನ್ನೂರ ಹನ್ನೆರಡು ಹೆಂಗಸರು ಒಳಗೆ ಸೇರಿದರು. ಅಷ್ಟರಲ್ಲಿ ಆ ಕಣ್ಣಿಗೂ ನೆರಳು ಬೆಳಕಷ್ಟೇ ಕಾಣುವಂತಾಯಿತು.

ಮರುವಾರ ಮೂಗುಬೊಟ್ಟಿನ ಟೀಚರ್ ಬಂದು ರವಿಕೆ ಬಿಗಿಯಾಯಿತು ಅಂದರು. ಎದೆಯ ಸುತ್ತಳತೆಯನ್ನು ಮೂವತ್ತೆಂಟು ಮಾಡಬೇಕಿತ್ತು. ನಾನೇ ಆದೇಶ ಬರೆದೆ. ಪಟ್ಟಿಯ ಎದೆ ಅಳತೆ ಮೂವತ್ತೆಂಟಾಗಲಿ ಎಂದು ಹೇಳಿ, ಯಾರದು ಎನ್ನುವ ಕೊನೆಯ ಮಾತನ್ನು ಮರೆತು ಗುಂಡಿ ಒತ್ತಿಬಿಟ್ಟೆ. ಮುನ್ನೂರ ಹನ್ನೊಂದು ಸಾಲು ಬದಲಾಗಿವೆ ಎಂದು ಉತ್ತರ ಬಂತು. ಎಷ್ಟೊಂದು ಕೆಲಸ ಮಾಡಿತಲ್ಲ ಎಂದು ಮೊದಲು ಹಿಗ್ಗಿದೆ. ಪಟ್ಟಿ ತೆರೆದರೆ ಕಡ್ಡಿಯಂಥ ಕಾಲೇಜು ಹುಡುಗಿಯಿಂದ ಹಿಡಿದು ಬೀಬಿಯವರೆಗೆ ಎಲ್ಲರ ಎದೆಯೂ ಮೂವತ್ತೆಂಟು! ಮೊದಲೇ ಮೂವತ್ತೆಂಟಿದ್ದ ಒಬ್ಬಾಕೆ ಮಾತ್ರ ಬದಲಾಗದೆ ಉಳಿದಿದ್ದಳು. ಕಣ್ಣೆವೆ ಮುಚ್ಚಿ ತೆಗೆಯುವಷ್ಟರಲ್ಲಿ, ಒಂದು ಮಾತೂ ಕೇಳದೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿತ್ತು. ಅಂಥ ವಿಧೇಯತೆಯನ್ನು ನಾನು ಕಂಡಿರಲಿಲ್ಲ. ಭಯವಾಯಿತು.

“ಎಲ್ಲಾರ್ನೂ ಟೀಚರ್ ಮಾಡಿಬಿಟ್ರಲ್ರೀ ಅಕ್ಕಾರ!” ಎಂದು ನಕ್ಕ ಹುಡುಗಿ ತಕ್ಷಣ ನಗು ನಿಲ್ಲಿಸಿದಳು. “ನಕಲು ತೆಗೆದಿಡ್ರಿ ಅಂದಿದ್ನಲ್ಲ, ತೆಗೆದೀರಿಲ್ಲೋ?”

ತೆಗೆದಿರಲಿಲ್ಲ. ಪುಸ್ತಕದ ನೆನೆದ ಪುಟಗಳನ್ನು ಓದಬಲ್ಲ ಕಣ್ಣೂ ಈಗ ಇರಲಿಲ್ಲ. ಅಮ್ಮನಿಗೆ ಆದದ್ದನ್ನು ಹೇಳಿದೆ.

“ಎದೆ ಒಂದೇ ತಾನೆ ಹೋಗಿದ್ದು? ಭುಜ, ಸೊಂಟ, ತೋಳು ಇದೆಯಲ್ಲ. ಓದು ನೋಡೋಣ,” ಅಂದಳು.

ಓದಿದೆ. ಹಾಲಿನ ಬೂತಿನ ದೊಡ್ಡವಳು, ಭುಜ ಹದಿನಾಲ್ಕು, ಸೊಂಟ ಮೂವತ್ತು. ಅಮ್ಮ ಗಾಳಿಯಲ್ಲಿ ಎರಡು ಕೈ ದುಂಡಗೆ ಹಿಡಿದು, “ಮೂವತ್ನಾಲ್ಕೂ ಕಾಲು,” ಅಂದಳು. ಮೊದಲ ಪುಟಗಳು ನೆನೆದಿರಲಿಲ್ಲವಾದ್ದರಿಂದ ಸದ್ದಿಲ್ಲದೆ ತಾಳೆ ನೋಡಿದೆ. ಸರಿಯಿತ್ತು. ಮುಂದಿನದೂ ಸರಿ, ಅದರಾಚೆಯದೂ ಸರಿ. ಒಂದು ಕಡೆ ಅರ್ಧ ಇಂಚು ಹೆಚ್ಚು ಹೇಳಿದಾಗ, “ಪುಸ್ತಕದಲ್ಲಿ ಕಮ್ಮಿ ಇದೆಯಮ್ಮಾ,” ಅಂದೆ.

“ಹೆರಿಗೆ ಆದ್ಮೇಲೆ ಅವ್ಳ ರವಿಕೆ ಹೊಲಿಗೆ ಬಿಚ್ಚಿ ಸಡಿಲ ಮಾಡ್ಕೊಟ್ಟಿದ್ದು ನಾನೋ, ನಿನ್ ಪುಸ್ತಕಾನೋ?”

ಅಮ್ಮ ಹೇಳಿದ್ದನ್ನೇ ಒತ್ತಿದೆ. ಪಟ್ಟಿ ಮುಗಿಯಲು ನಾಲ್ಕು ಮಧ್ಯಾಹ್ನ ಹಿಡಿಯಿತು. ದಿನದ ಕೊನೆಗೆ ತಪ್ಪದೆ ನಕಲು ತೆಗೆದಿಟ್ಟೆವು. ಮೂವರ ವಿಷಯದಲ್ಲಿ ಮಾತ್ರ ಅಮ್ಮ ಎಷ್ಟೋ ಯೋಚಿಸಿ ಇಲ್ಲವೆಂದು ತಲೆಯಾಡಿಸಿದಳು. “ಗೊತ್ತಿಲ್ಲ ಕಣೇ. ಸುಮ್ನೆ ಒಂದು ಅಂಕಿ ಹೇಳ್ಬಾರ್ದು.”

ಸೊನ್ನೆ ಹಾಕಲೇ ಎಂದು ಕೇಳಿದೆ. “ಬ್ಯಾಡ್ರಿ,” ಅಂದಳು ಹುಡುಗಿ. “ಸೊನ್ನಿ ಅಂದ್ರ ಅಳತಿ ಮಾಡಿದ್ವಿ, ಏನೂ ಇಲ್ಲ ಅಂತ ಆಕ್ಕೈತಿ. ಗೊತ್ತಿಲ್ಲ ಅಂದ್ರ ಖಾಲಿ ಬಿಡಬೇಕು. ಇದಕ್ಕ ಎರಡರ ಫರಕು ಗೊತ್ತಾಗ್ತೈತಿ.”

ಅಮ್ಮ ಅದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದಳು. “ಗೊತ್ತಿಲ್ಲ ಅಂತ ಒಪ್ಕೊಳ್ಳೋ ಬುದ್ಧಿ ಇದೆಯೇನೆ ಅದಕ್ಕೆ! ನಮ್ ಮನೆ ಗಂಡಸ್ರಲ್ಲಿ ಒಬ್ಬರ್ಗೂ ಇರ್ಲಿಲ್ಲ,” ಎಂದು ಲ್ಯಾಪ್‌ಟಾಪಿನ ಬೆನ್ನು ಸವರಿದಳು.

ಹದಿನೈದು ದಿನಕ್ಕೆ ಆ ಮೂವರಲ್ಲಿ ಒಬ್ಬಾಕೆ, ಇಂದಿರಾನಗರದಲ್ಲಿ ಹೂವು ಮಾರುವವರು, ರೇಷ್ಮೆ ತುಂಡು ಹಿಡಿದು ಬಂದರು. ಟೇಪು ತರಲು ಅಮ್ಮ ನನಗೆ ಹೇಳಿದಳು. ತಂದು ಅವಳ ಕೈಗೆ ಕೊಡಹೋದರೆ ಹಿಡಿಯಲಿಲ್ಲ. “ನೀನೇ ಹಿಡಿ. ಕಂಕುಳ ಕೆಳಗಿಂದ ತಗೋ. ಒಂದು ಬೆರಳು ಸಡಿಲ ಬಿಡು.”

ನನ್ನ ಜೀವಮಾನದಲ್ಲಿ ಒಬ್ಬರ ಎದೆಯಳತೆ ತೆಗೆದದ್ದು ಅದೇ ಮೊದಲು. ಮೂವತ್ತಾರೂವರೆ ಅಂದೆ. ಅಮ್ಮ ತನ್ನ ಎರಡು ಕೈಯನ್ನೂ ಆಕೆಯ ಬೆನ್ನ ಮೇಲೆ ಹರಡಿ ತಾಳೆ ನೋಡಿದಳು.

“ಹೂಂ. ಬರ್ಕೋ,” ಅಂದಳು.