ಕಾಳಗದ ಹೊಲದ ಎರಡು ಅಂಚು

ಸಿಂಧನೂರು ಸೀಮೆಗೆ ಕಾಲುವೆಯ ನೀರು ಬರುವುದು ಖಾತ್ರಿಯಾದ ವರ್ಷ ನಾನು ಮಸ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸಾಲಗುಂದದ ಕಡೆ, ಕಾಳಗದ ಹೊಲ ಎಂದು ಜನ ಕರೆಯುವ ಎರೆ ನೆಲವೊಂದಿತ್ತು. ಎರಡು ಹೊಳೆಗಳ ನಡುವಿನ ಈ ನಾಡಿಗಾಗಿ ರಾಜರೂ ಸುಲ್ತಾನರೂ ಬಡಿದಾಡಿದ ಕಾಲದಲ್ಲಿ ಅಲ್ಲಿ ಬಹಳ ಮಂದಿ ಬಿದ್ದರಂತೆ. ಮೂಡಲ ಅಂಚಿಗೆ ವೀರಗಲ್ಲುಗಳಿದ್ದವು, ಪಡುವಲ ಅಂಚಿಗೆ ಹೆಸರಿಲ್ಲದ ಹಳೆಯ ಗೋರಿಗಳು. ಹೊಲದ ಒಡೆಯ ಎಲ್ಲವನ್ನೂ ಮಟ್ಟ ಮಾಡಿ ಭತ್ತ ಹಚ್ಚುವವನಿದ್ದ. ಬೇಕಾದರೆ ಕೊಂಡುಕೊಳ್ಳಿ, ಮಳೆಗಾಲದವರೆಗೆ ಕಾಯುತ್ತೇನೆ ಅಂದ. ನಾವು ಕೆಲವರು ಸೇರಿ ಚಂದಾ ಎತ್ತಲು ಹೊರಟೆವು.

ನಿಜಾಮನ ಕಡೆಯ ರಜಾಕಾರರ ಗದ್ದಲ, ಅದರ ಬೆನ್ನಿಗೇ ಮುಸಲ್ಮಾನರ ಮೇಲೆ ನಡೆದ ಸೇಡಿನ ದಿನಗಳು ಮುಗಿದು ಬಹಳ ಕಾಲವಾಗಿರಲಿಲ್ಲ. ಕಾಳಗ ಎಂಬ ಮಾತು ಕೇಳಿದರೇ ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಟ್ಟಿಯ ಚಿನ್ನದ ಗಣಿಯವರು ಪಾಳಿ ಮುಗಿಸಿ ಬಂದು, ನಿಂತು ಕೇಳಿ, ಕೈಲಾದಷ್ಟು ಕೊಟ್ಟರು. ಸಂತೆಕಲ್ಲೂರಿನವರು ಜೋಳ ಹಾಕಿದರು.

ಲಿಂಗಸುಗೂರಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಮುಸಲ್ಮಾನ ಹೆಂಗಸಿನ ಮನೆಗೆ ಹೋದೆ. ಆ ಸೇಡಿನ ದಿನಗಳಲ್ಲಿ ಸಂತೆಗೆಂದು ಹೋದ ಆಕೆಯ ಗಂಡ ತಿರುಗಿ ಬಂದಿರಲಿಲ್ಲ. ಮೊದಲೇ ಗೊತ್ತಿದ್ದರೆ ಆ ಹೊಸ್ತಿಲು ತುಳಿಯುತ್ತಿರಲಿಲ್ಲ. ಆಕೆ ಹೊಲಿಯುವುದನ್ನು ನಿಲ್ಲಿಸಿ ಕೇಳಿದಳು:

"ಅಲ್ಲಿ ಮಣ್ಣಾದೋರು ಯಾರ ಕಡಿಯವರ್ರೀ?"

ಎರಡೂ ಕಡೆಯವರು, ಇಬ್ಬರ ನೆಲವನ್ನೂ ಉಳಿಸುತ್ತೇವೆ ಎಂದೆ.

"ನನ್ನ ಗಂಡ ಎಲ್ಲಿ ಮಣ್ಣಾಗ್ಯಾನೋ ನನಗ ಗೊತ್ತಿಲ್ಲ. ಅವರ ಜಾಗಾ ಆದ್ರೂ ಉಳೀಲಿ," ಎಂದು ಸೆರಗಿನ ಗಂಟು ಬಿಚ್ಚಿದಳು.

ಕೂಡಿದ್ದು ಸಾಲಲಿಲ್ಲ. ಸಿಂಧನೂರಿನ ವ್ಯಾಪಾರಿಯೊಬ್ಬ ಉಳಿದದ್ದನ್ನು ತಾನೇ ತುಂಬುವೆನೆಂದ, ಆದರೆ ವೀರಗಲ್ಲಿನ ಅಂಚನ್ನು ಮಾತ್ರ ಕೊಳ್ಳಬೇಕು. ಗೋರಿಗಳ ಕಡೆಯದನ್ನು ಒಡೆಯ ಉತ್ತುಕೊಳ್ಳಲಿ. ನಮ್ಮವರು ಒಬ್ಬೊಬ್ಬರಾಗಿ ಒಪ್ಪಿದರು. ಪೂರಾ ಹೋಗುವುದಕ್ಕಿಂತ ಇಷ್ಟಾದರೂ ಉಳಿಯಲಿ ಎಂಬುದು ಅವರ ವಾದ. ಮನೆಮನೆಯಲ್ಲಿ ನಾನು ಕೊಟ್ಟ ಮಾತಿನ ಗತಿ ಏನು ಎಂದು ಕೇಳಿದೆ. ಮರುದಿನವೇ ಅವರು ವ್ಯಾಪಾರಿಗೆ ಹೂಂ ಎಂದು ಹೇಳಿ ಕಳಿಸಿದರು.

ಲಿಂಗಸುಗೂರಿಗೆ ಹೋಗಿ ಆಕೆಗೆ ಎಲ್ಲವನ್ನೂ ಹೇಳಿ, ಕೊಟ್ಟದ್ದನ್ನು ಮುಂದಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಬುರ್ಖಾ ಹಾಕಿಕೊಂಡು, ಒಡೆಯನ ಮನೆ ತೋರಿಸಿ ಎಂದಳು.

ಸಾಲಗುಂದದಲ್ಲಿ ಒಡೆಯ ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿದ. ಆಕೆ ಬೇಡಿಕೊಳ್ಳಲಿಲ್ಲ. ಗೋರಿಗಳಿರುವಷ್ಟು ಬಿಟ್ಟು ಉಳಿದದ್ದನ್ನು ಉತ್ತುಕೊಳ್ಳಿ ಎಂದಷ್ಟೇ ಹೇಳಿದಳು. ಒಡೆಯ ಅಂದ:

"ನಾ ಇರೋತನಕ ಅಲ್ಲಿ ನೇಗಿಲ ಹೂಡಂಗಿಲ್ಲವ್ವಾ. ನನ್ನ ಮಕ್ಕಳ ಮಾತು ನಾ ಹೆಂಗ ಕೊಡ್ಲಿ?"

ಅಷ್ಟೇ ಸಿಕ್ಕಿತು. ಅದೂ ಬಾಯಿಮಾತು.

ವೀರಗಲ್ಲುಗಳ ಸುತ್ತ ಗೋಡೆ ಎದ್ದಿತು. ಅಲ್ಲಿಯ ಪೂಜೆಗೆ ಕರೆದಿದ್ದರು, ನಾನು ಹೋಗಲಿಲ್ಲ. ಒಡೆಯನಿಗೆ ಮೈ ಸರಿಯಿಲ್ಲ ಎಂಬ ಸುದ್ದಿ ಬಂದಾಗಲೆಲ್ಲ ಸಾಲಗುಂದದ ಕಡೆಯವರನ್ನು ಹುಡುಕಿ ವಿಚಾರಿಸುತ್ತಿದ್ದೆ. ಕನ್ನಡ ನಾಡು ಒಂದಾದ ವರ್ಷ ನನಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ಮುಂಚೆ ಹೋಗಿ ನೋಡಿದೆ. ಗೋರಿಗಳು ಇದ್ದವು. ಸುತ್ತಲೂ ಭತ್ತದ ಗದ್ದೆ, ಬುಡಕ್ಕೆ ನೀರು ಜಿನುಗಿ ಒಂದು ಗೋರಿ ಆಗಲೇ ವಾಲಿತ್ತು.