ಅಪ್ಪನ ಇಂಗ್ಲಿಷಿಗೆ ಒಂದು ಡಿಶ್

ನಮ್ಮಪ್ಪ ಇಂಗ್ಲಿಷ್ ಕಲಿತದ್ದು ಬಚ್ಚಲುಮನೆಯಲ್ಲಿ. ಸೋಮನಾಥಪುರದಲ್ಲಿ ಊರ ಆಂಜನೇಯನ ಪೂಜೆ ಮುಗಿಸಿದರೆ ಆಮೇಲೆ ಅವರಿಗೆ ದೊಡ್ಡ ಗುಡಿಯ ಬಾಗಿಲೇ ಮನೆ. ಅಲ್ಲಿ ಪೂಜೆಯಿಲ್ಲ, ಆದರೆ ನೋಡುವವರು ಬರುತ್ತಿದ್ದರು. ಅಪ್ಪ ಅವರ ಹಿಂದೆ ಮುಂದೆ ಓಡಾಡಿ, ಕಿವಿಗೆ ಬಿದ್ದ ಇಂಗ್ಲಿಷನ್ನು ಹೆಕ್ಕಿಕೊಂಡು ಬಂದು, ಮರುದಿನ ಬೆಳಿಗ್ಗೆ ತಲೆಯ ಮೇಲೆ ತಂಬಿಗೆ ತಂಬಿಗೆ ನೀರು ಸುರಿದುಕೊಳ್ಳುತ್ತಾ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು.

"ಪ್ಲೀಸ್ ಸೀ ಅಪ್, ಸರ್. ಸಿಕ್ಸ್‌ಟೀನ್ ಸೀಲಿಂಗ್. ನೋ ಟು ಈಸ್ ಸೇಮ್. ದಿಸ್ ಒನ್ ಬನಾನಾ ಫ್ಲವರ್."

"ಸ್ನಾನದ ಮಂತ್ರಾನಾದ್ರೂ ಮೊದ್ಲು ಮುಗಿಸೀಂದ್ರೆ," ಎಂದು ಅಮ್ಮ ಹಂಡೆಯೊಲೆಗೆ ಸೌದೆ ತಳ್ಳುತ್ತಾ ಗೊಣಗುತ್ತಿದ್ದಳು. ಇದು ಇಪ್ಪತ್ತು ವರ್ಷ ನಡೆಯಿತು. ಬನಾನಾ ಫ್ಲವರ್ ಎಂದರೆ ಛಾವಣಿಯಲ್ಲಿ ಕೆತ್ತಿದ ಬಾಳೆಯ ಮೂತಿ ಎನ್ನುವುದು ನನಗೆ ಅಕ್ಷರ ಬರುವ ಮೊದಲೇ ಗೊತ್ತಿತ್ತು.

ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದಿ ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದೆ. ಶನಿವಾರ ತಿ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಊರಿಗೆ ಬರುತ್ತಿದ್ದೆ. ಬಂದವಳು ಸುಮ್ಮನಿರುತ್ತಿದ್ದೆನೇ? "ನೋ ಟು ಈಸ್ ಅಲ್ಲಪ್ಪ, ನೋ ಟು ಆರ್," ಎಂದು ತಿದ್ದುತ್ತಿದ್ದೆ. ಅಪ್ಪ ನಕ್ಕು ತಲೆಯಾಡಿಸುತ್ತಿದ್ದರು. ಮರುದಿನ ಬಚ್ಚಲಿನಿಂದ ಮತ್ತೆ "ಈಸ್" ಕೇಳಿಸುತ್ತಿತ್ತು. ಓದಿದ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದೊಡ್ಡ ಗುಡಿಯನ್ನು ಟಿವಿಗೆ ಚಿತ್ರ ತೆಗೆಯಲು ದೆಹಲಿಯಿಂದ ಜನ ಬಂದರು. ಅಪ್ಪನನ್ನೂ ಕ್ಯಾಮೆರಾದ ಮುಂದೆ ನಿಲ್ಲಿಸಿ ಮಾತಾಡಿಸಿದರಂತೆ. ಅಪ್ಪ ಇದನ್ನು ಊರಿಗೆಲ್ಲ ಹೇಳಿದರು, ನರಸೀಪುರದ ಸಂತೆಯಲ್ಲೂ ಹೇಳಿದರು. ತಿಂಗಳುಗಳು ಕಳೆದವು, ಟಿವಿಯಲ್ಲಿ ಏನೂ ಬರಲಿಲ್ಲ. ಟೀ ಅಂಗಡಿಯವನು ದಿನಾ ಕೇಳತೊಡಗಿದ, "ಏನ್ ಸ್ವಾಮ್ಯೋರೇ, ಟಿವೀಲಿ ಯಾವಾಗ್ ಬತ್ತೀರಿ?" ಬೆಂಚಿನ ಮೇಲಿದ್ದವರು ನಗುತ್ತಿದ್ದರು. ಅಪ್ಪ ಮೊದಮೊದಲು ತಾವೂ ನಕ್ಕರು. ಆಮೇಲೆ ಆ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿ ಗುಡಿಗೆ ಹೋಗಲು ಶುರುಮಾಡಿದರು. ಬಚ್ಚಲಿನಲ್ಲಿ ಬರೀ ನೀರಿನ ಸದ್ದು ಕೇಳಿಸತೊಡಗಿತು.

ನಾನೂ ನಂಬಿರಲಿಲ್ಲ. ಕಲ್ಲಿನ ಚಿತ್ರ ತೆಗೆಯುವಾಗ ಅಪ್ಪ ಪಕ್ಕದಲ್ಲಿ ನಿಂತಿರಬೇಕು, ಅಷ್ಟೆ ಎಂದುಕೊಂಡಿದ್ದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಹೀಗಿರುವಾಗ ಒಂದು ಕಾರ್ಡು ಬಂತು. ಚಿತ್ರ ತೆಗೆದವರಲ್ಲೇ ಒಬ್ಬರು ಇಂಗ್ಲಿಷಿನಲ್ಲಿ ಬರೆದಿದ್ದರು: ಬರುವ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ದೆಹಲಿಯ ಕಾರ್ಯಕ್ರಮದಲ್ಲಿ ಗುಡಿಯೂ ನೀವೂ ಬರುತ್ತೀರಿ. ಅಪ್ಪ ಕಾರ್ಡನ್ನು ನನ್ನ ಕೈಗೆ ಕೊಟ್ಟು, "ನೀನೇ ಓದು, ನಾನು ಓದಿದ್ರೆ ತಪ್ಪಿರಬಹುದು," ಎಂದರು. ಆ ಮಾತು ನನಗೆ ಚುಚ್ಚಿತು.

ನಮ್ಮನೆಯಲ್ಲಿ ನಾನು ಕೊಂಡಿದ್ದ ಕಪ್ಪು ಬಿಳುಪು ಟಿವಿ ಇತ್ತು. ಆದರೆ ಮೈಸೂರಿನಿಂದ ಹೊರಟ ಚಿತ್ರ ನಮ್ಮೂರು ಮುಟ್ಟುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ತೆರೆಯ ತುಂಬ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಚುಕ್ಕಿಗಳು. ಗಂಡೋ ಹೆಣ್ಣೋ ಊಹೆ ಮಾಡಬೇಕು. ಅಪ್ಪನನ್ನು ಮೈಸೂರಿಗೇ ಕರೆದುಕೊಂಡು ಹೋಗಿ ತೋರಿಸಬಹುದಿತ್ತು. ಆದರೆ ನೋಡಬೇಕಾಗಿದ್ದವರು ಅಪ್ಪ ಅಲ್ಲ, ಊರಿನವರು.

ಆಗ ನೆನಪಾದದ್ದು ನಂಜನಗೂಡಿನ ಹತ್ತಿರದ ಹೆಡತಲೆ ಎಂಬ ಊರಿನ ಡಿಶ್ಶು. ಅಲ್ಲಿನ ರೈತರೊಬ್ಬರ ಮಗಳು ನನ್ನ ತರಗತಿಯಲ್ಲಿದ್ದಳು. ಯಾವುದೋ ಹರಾಜಿನಲ್ಲಿ ಅವರಿಗೆ ಒಂದು ಹಳೆಯ ಡಿಶ್ ಸಿಕ್ಕಿತ್ತು. ನೇರವಾಗಿ ಉಪಗ್ರಹದಿಂದಲೇ ಚಿತ್ರ ಹಿಡಿಯುವಂಥದ್ದು, ಎರಡಾಳು ಅಗಲ, ಕಬ್ಬಿಣದ ಪಟ್ಟಿಗಳಿಗೆ ಜಾಲರಿ ಬಿಗಿದದ್ದು. ಹಿತ್ತಲಿನಲ್ಲಿ ಅದನ್ನು ಕವುಚಿ ಹಾಕಿ ಒಳಗೆ ಕೋಳಿಮರಿ ಬಿಟ್ಟಿದ್ದರು. ಕೇಳಿದ್ದೇ ತಡ, "ತಕೊಂಡೋಗಿ ಮೇಡಮ್ಮೋರೇ, ಕೋಳಿಗ್ ಬ್ಯಾರೆ ಮಾಡ್ಕತೀನಿ," ಎಂದು ಅದರ ಜೊತೆಗಿದ್ದ ಡಬ್ಬಿಯನ್ನೂ ಅಟ್ಟದಿಂದ ಇಳಿಸಿಕೊಟ್ಟರು.

ನರಸೀಪುರದ ರೇಡಿಯೋ ರಿಪೇರಿಯವರು ಡಬ್ಬಿ ಬಿಚ್ಚಿ ನೋಡಿ, "ಇದ್ರಲ್ಲಿ ಜೀವ ಐತೆ ಮೇಡಂ, ತಟ್ಟೇನೇ ಸತ್ತೋಗಿರೋದು," ಎಂದರು. ನಿಜ. ಜಾಲರಿ ತುಕ್ಕು ಹಿಡಿದು ಹರಿದಿತ್ತು, ಪಟ್ಟಿಗಳು ಸೊಟ್ಟಗಾಗಿದ್ದವು. ಇದನ್ನು ಸರಿಮಾಡುವ ಕೈ ಯಾವುದು ಎಂದು ನಾವು ಯೋಚಿಸುತ್ತಿದ್ದಾಗ ಅಮ್ಮನೇ ಹೇಳಿದಳು, "ಮೊರ ಕಟ್ಟೋ ಅಜ್ಜೀನ ಕರೀರಿ. ಇದೂ ಒಂದು ಬುಟ್ಟಿ ತಾನೆ?"

ಬುಟ್ಟಿಯಜ್ಜಿ ಬಂದು ಡಿಶ್ಶನ್ನು ಒಂದು ಸುತ್ತು ಹಾಕಿ ನೋಡಿ, ಸೀರೆ ಎತ್ತಿಕಟ್ಟಿ ಅದರ ನಡುವೆಯೇ ಕೂತುಬಿಟ್ಟಳು. ಪಟ್ಟಿಗಳನ್ನು ಒಂದೊಂದಾಗಿ ಮೊಣಕಾಲಿಗೆ ಕೊಟ್ಟು ಬಗ್ಗಿಸಿದಳು. ಹೊಸ ಜಾಲರಿಯನ್ನು ನಡುವಿನಿಂದ ಅಂಚಿಗೆ ತಂತಿಯಲ್ಲಿ ಹೆಣೆಯುತ್ತಾ, ಹೆಣೆದಷ್ಟೂ ಹಿಂದೆ ಸರಿಯುತ್ತಾ, ಮೂರನೆಯ ದಿನ ಅಂಚಿನಿಂದ ಕೆಳಗಿಳಿದಳು. ಅಷ್ಟು ಚೆಂದದ ಕೆಲಸವನ್ನು ನಾನು ಕಂಡದ್ದು ಕಡಿಮೆ.

ಹಿತ್ತಲಿನಲ್ಲಿ ನುಗ್ಗೆಗಿಡದ ಒಂದು ಕೊಂಬೆ ಕಡಿದು, ನಾಲ್ಕು ಕಲ್ಲುಕಂಬದ ಮೇಲೆ ಡಿಶ್ ನಿಲ್ಲಿಸಿದೆವು. ನಮ್ಮ ಕಡೆಯಿಂದ ಆ ಉಪಗ್ರಹ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ. ಹಾಗಾಗಿ ಡಿಶ್ ಆಕಾಶಕ್ಕೆ ಬಾಯಿ ತೆರೆದು ಮಲಗಿತು. ರಿಪೇರಿಯವರು ಮೂರು ಸರಳುಗಳ ತುದಿಯಲ್ಲಿ, ಡಿಶ್ಶಿನ ನಡುವಿಗೆ ನೇರ ಮೇಲೆ, ಅಲೆ ಹಿಡಿಯುವ ಡಬ್ಬಿ ಕಟ್ಟಿದರು. ಟಿವಿ ಹಾಕಿದೆವು. ಅದೇ ಅಕ್ಕಿ ನುಚ್ಚು.

ಒಂದು ವಾರ ಡಿಶ್ಶನ್ನು ಅತ್ತ ಎರಡು ಬೆರಳು, ಇತ್ತ ಎರಡು ಬೆರಳು ವಾಲಿಸಿದ್ದೇ ವಾಲಿಸಿದ್ದು. ಅಪ್ಪ ಹಿತ್ತಲಿಗೆ ಬರುವುದನ್ನೇ ಬಿಟ್ಟರು. "ಹೋಗಲಿ ಬಿಡಮ್ಮ, ರಜ ಹಾಕಿ ಯಾಕೆ ಒದ್ದಾಡ್ತೀಯ," ಎಂದರು. ಇನ್ನು ಎರಡೇ ದಿನ ಉಳಿದಿತ್ತು. ನನಗೆ ಅಳು ಬರುವುದೊಂದು ಬಾಕಿ.

ಅಮ್ಮ ಮಾತ್ರ ಡಿಶ್ಶನ್ನು ದಂಡ ಮಾಡಲಿಲ್ಲ. ಒಂದು ಹಳೆಯ ಪಂಚೆ ಹಾಸಿ ಅದರಲ್ಲಿ ಸಂಡಿಗೆ ಇಟ್ಟಿದ್ದಳು. ಶುಕ್ರವಾರ ಮಧ್ಯಾಹ್ನ ಬೈಯುತ್ತಾ ಒಳಗೆ ಬಂದಳು. "ಇದೆಂಥ ತಟ್ಟೆಯೇ? ಇಷ್ಟು ಗುಂಡಿ! ಸಂಡಿಗೆಯೆಲ್ಲ ನಡುವಿಗೆ ಜಾರಿ ಮುದ್ದೆಯಾಗಿದೆ."

ನಾನು ಓಡಿದೆ. ಅಂಚಿನಿಂದ ಅಂಚಿಗೆ ದಾರ ಎಳೆದು ಆಳ ಅಳೆದು, ರಿಪೇರಿಯವರು ಮೊದಲೇ ಬರೆದಿಟ್ಟಿದ್ದ ಅಳತೆಗೆ ಹೋಲಿಸಿದೆ. ನಾಲ್ಕು ಬೆರಳು ಹೆಚ್ಚು ಆಳ. ಬುಟ್ಟಿಯಜ್ಜಿಯ ಮನೆಗೆ ಹೋಗಿ ಕೇಳಿದರೆ ಅವಳಿಗೇ ಆಶ್ಚರ್ಯ.

"ಊಂಕಣವ್ವ, ನಾನೇ ಒತ್ತಿ ಕಟ್ಟಿವ್ನಿ. ಒಟ್ಟೆ ಇಲ್ದಿದ್ರೆ ಮಂಕ್ರೀಲಿ ಏನ್ ನಿಂತದು?"

ಹೊಟ್ಟೆಯಿಲ್ಲದ ಬುಟ್ಟಿಯನ್ನು ಅವಳ ಕೈ ಜೀವಮಾನದಲ್ಲಿ ಕಟ್ಟಿರಲಿಲ್ಲ. ಅವಳದು ತಪ್ಪಲ್ಲ, ತಪ್ಪು ನನ್ನದು. ನಿಮ್ನ ದರ್ಪಣ ಹೆಚ್ಚು ಬಾಗಿದಷ್ಟೂ ಅದರ ಬೆಳಕು ಹತ್ತಿರದಲ್ಲೇ ಕೂಡುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಹಾಗೆಯೇ ಇಲ್ಲಿ ಅಲೆಗಳು ಡಬ್ಬಿಗಿಂತ ಕೆಳಗೇ ಕೂಡುತ್ತಿದ್ದವು. ಡಿಶ್ ಬಿಚ್ಚಬೇಕಾಗಿರಲಿಲ್ಲ. ಸರಳು ಕತ್ತರಿಸಿ ಡಬ್ಬಿಯನ್ನು ಒಂದು ಗೇಣು ಕೆಳಗಿಳಿಸಿದರೆ ಸಾಕಿತ್ತು. ಶನಿವಾರ ರಿಪೇರಿಯವರು ಬಂದು ಇಳಿಸಿದರು. ಒಳಗಿನಿಂದ ಅಮ್ಮ ಕೂಗಿದಳು, "ಬಂತು ಕಣೇ! ಯಾರೋ ಗೋಧಿ ಗೊಬ್ಬರದ ವಿಷಯ ಹೇಳ್ತಿದಾರೆ, ಮೀಸೆ ಕೂಡ ಕಾಣ್ತಿದೆ!"

ಭಾನುವಾರ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬುಟ್ಟಿಯಜ್ಜಿಯನ್ನು ಅಮ್ಮ ಮುಂದೆ ಕೂರಿಸಿದ್ದಳು. ಟೀ ಅಂಗಡಿಯವನು ಬಾಗಿಲಿಗೆ ಒರಗಿ ನಿಂತಿದ್ದ. ಅಪ್ಪ ಒಗೆದ ಪಂಚೆ ಉಟ್ಟು, ಗೋಡೆಯ ಪಕ್ಕ ಯಾರದೋ ಮನೆಗೆ ಬಂದವರಂತೆ ಕೂತಿದ್ದರು.

ಗುಡಿ ಬಂತು. ಕಂಬಗಳು ಬಂದವು. ಆಮೇಲೆ, ಅನುಮಾನಕ್ಕೆ ಎಡೆಯೇ ಇಲ್ಲದಷ್ಟು ಸ್ಪಷ್ಟವಾಗಿ, ಬೆರಳನ್ನು ಮೇಲೆ ತೋರಿಸುತ್ತಾ ಅಪ್ಪ ಬಂದರು. ಮನೆ ಹೋ ಎಂದಿತು. ಅಪ್ಪನ ಬಾಯಿ ಆಡುತ್ತಿತ್ತು. ಆದರೆ ಕೇಳಿಸುತ್ತಿದ್ದದ್ದು ಯಾರೋ ಗಂಡಸಿನ ದಪ್ಪ ದನಿಯ ಹಿಂದಿ.

"ಸ್ವಾಮ್ಯೋರು ಇಂದೀನೂ ಕಲ್ತವ್ರಾ?" ಎಂದ ಟೀ ಅಂಗಡಿಯವನು.

"ಏ, ಅದು ಅವ್ರ ದನಿ ಅಲ್ಲ ಕಣ್ಲಾ. ಇವ್ರು ಸುಮ್ಕೆ ಬಾಯಾಡುಸ್ತಾವ್ರೆ," ಎಂದ ಇನ್ನೊಬ್ಬ. ಒಂದಿಬ್ಬರು ನಕ್ಕರು.

ಅಪ್ಪ ತಲೆ ತಗ್ಗಿಸಿದರು. ಬೆರಳು ಪಂಚೆಯ ಅಂಚನ್ನು ಸುತ್ತುತ್ತಿತ್ತು.

ಆಗ ಅಡುಗೆಮನೆಯ ಬಾಗಿಲಿನಿಂದ ಅಮ್ಮನ ದನಿ ಕೇಳಿಸಿತು. ಕಣ್ಣು ಟಿವಿಯ ಮೇಲೆ, ಕೈಯಲ್ಲಿ ಸೌಟು.

"ಸೀ ಅಪ್, ಸರ್. ಸಿಕ್ಸ್‌ಟೀನ್ ಸೀಲಿಂಗ್. ನೋ ಟು ಈಸ್ ಸೇಮ್. ದಿಸ್ ಒನ್ ಬನಾನಾ ಫ್ಲವರ್."

ತೆರೆಯ ಮೇಲೆ ಅಪ್ಪನ ತುಟಿ ಎಲ್ಲಿ ನಿಂತಿತೋ ಅಮ್ಮನ ಮಾತೂ ಅಲ್ಲೇ ನಿಂತಿತು. ಇಂಗ್ಲಿಷಿನ ಎ ಬಿ ಸಿ ಬರದ ಅಮ್ಮ! ಇಪ್ಪತ್ತು ವರ್ಷ ಹಂಡೆಯೊಲೆಯ ಮುಂದೆ ಗೊಣಗುತ್ತಲೇ ಅವಳು ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದಳು. ಟೀ ಅಂಗಡಿಯವನು ಒರಗಿದ್ದ ಬಾಗಿಲು ಬಿಟ್ಟು ನೆಟ್ಟಗೆ ನಿಂತ. ಆ "ಈಸ್" ಅನ್ನು ತಿದ್ದಬೇಕೆಂದು ನನಗೆ ಅನ್ನಿಸಲೇ ಇಲ್ಲ, ಕಣ್ಣು ತುಂಬಿ ಬಂದಿತ್ತು.

ಅಪ್ಪ ನಿಧಾನವಾಗಿ ತಲೆಯೆತ್ತಿ ಅಮ್ಮನ ಕಡೆ ನೋಡಿದರು.

"ಮೊದಲಿನ ಪ್ಲೀಸ್ ಬಿಟ್ಟೆ ಕಣೇ."

"ನಾನೆಲ್ಲಿ ಬಿಟ್ಟೆ?" ಎಂದಳು ಅಮ್ಮ. "ಅಲ್ಲಿ ನೀವೇ ಬಿಟ್ರಿ. ನಾನು ನೋಡ್ತಿದ್ನಲ್ಲ."